ಶಿಯಾನ್: ಹಳೆಯ ರಾಜಧಾನಿಯ ಕೋಟೆ, ಗೋಪುರ, ಗೋಧಿ ಊಟ

ಎಲ್ಲರಿಗೂ ನಮಸ್ಕಾರ.

ಚೀನಾದವರೆಲ್ಲ ಮೂರು ಹೊತ್ತೂ ಅನ್ನ ಉಣ್ಣುತ್ತಾರೆ ಎಂದುಕೊಂಡು ಶಿಯಾನ್‌ಗೆ ಹೋದರೆ ಆಶ್ಚರ್ಯವಾಗುತ್ತದೆ. ಅಲ್ಲಿ ಎಲ್ಲೆಲ್ಲೂ ಗೋಧಿ. ಬೆಲ್ಟಿನಷ್ಟು ಅಗಲದ ನೂಡಲ್ಸ್, ದಪ್ಪ ರೊಟ್ಟಿ, ಜೊತೆಗೆ ಜೀರಿಗೆ ಹಾಕಿ ಸುಟ್ಟ ಕುರಿಮಾಂಸ. ಆ ಒಣ ಬಯಲಿನಲ್ಲಿ ಗೋಧಿ ಚೆನ್ನಾಗಿ ಬೆಳೆಯುತ್ತದೆ, ನಿಜ. ಆದರೆ ಗೋಧಿಯೂ ಜೀರಿಗೆಯೂ ಮೂಲತಃ ಪಶ್ಚಿಮದಿಂದ ಬಂದವು. ಹೊರಗಿನಿಂದ ಬಂದದ್ದನ್ನು ಈ ಊರು ಹೇಗೆ ತನ್ನದಾಗಿಸಿಕೊಂಡಿತು ಎನ್ನುವುದೇ ನನಗೆ ಅದರ ಇತಿಹಾಸದಲ್ಲಿ ಎಲ್ಲಕ್ಕಿಂತ ರುಚಿಯಾದ ಭಾಗ.

ಪ್ರವಾಸಿಗರು ಮೊದಲು ಓಡುವುದು ಮಣ್ಣಿನ ಸೈನಿಕರನ್ನು ನೋಡಲು. ಕ್ರಿ.ಪೂ. 221ರಲ್ಲಿ ಚೀನಾವನ್ನು ಒಗ್ಗೂಡಿಸಿದ ಚಿನ್ ಷಿ ಹುವಾಂಗ್‌ನ ಸಮಾಧಿಯ ಕಾವಲಿಗೆ ಹೂತಿಟ್ಟ ಸಾವಿರಾರು ಸೈನಿಕರು ಅವರು. 1974ರಲ್ಲಿ ರೈತರು ಬಾವಿ ತೋಡುವಾಗ ಸಿಕ್ಕರು. ಚಕ್ರವರ್ತಿಯ ಗೋರಿಯನ್ನು ಮಾತ್ರ ಇನ್ನೂ ತೆರೆದಿಲ್ಲ. ಖಂಡಿತ ನೋಡಿ, ಆದರೆ ಅರ್ಧ ದಿನ ಸಾಕು. ಉಳಿದ ಹೊತ್ತು ಊರೊಳಗೆ ಕಳೆಯಿರಿ.

ಟಾಂಗ್ ಅರಸರ ಕಾಲದಲ್ಲಿ ಈ ಊರಿನ ಹೆಸರು ಚಾಂಗಾನ್. ಸುಮಾರು ಹತ್ತು ಲಕ್ಷ ಜನ, ಚದುರಂಗದ ಮಣೆಯಂತೆ ಚೌಕಾಕಾರದ ಕೇರಿಗಳು, ರಾತ್ರಿ ನಗಾರಿ ಬಾರಿಸಿದರೆ ಕೇರಿಗಳ ಬಾಗಿಲು ಬಂದ್. ಪಶ್ಚಿಮದ ಪೇಟೆಯಲ್ಲಿ ಮಧ್ಯ ಏಷ್ಯಾದ ಸೊಗ್ಡಿಯನ್ನರೂ ಪರ್ಷಿಯನ್ನರೂ ವ್ಯಾಪಾರ ಮಾಡುತ್ತಿದ್ದರು. ಕ್ರೈಸ್ತರೂ ಇದ್ದರು, 781ರಲ್ಲಿ ಅವರು ಚೀನೀ ಮತ್ತು ಪಶ್ಚಿಮ ಏಷ್ಯಾದ ಸಿರಿಯಾಕ್ ಲಿಪಿಗಳಲ್ಲಿ ಕೆತ್ತಿಸಿದ ಶಾಸನ ಇಂದಿಗೂ ಅಲ್ಲಿನ ಶಿಲಾಶಾಸನಗಳ ಸಂಗ್ರಹಾಲಯದಲ್ಲಿದೆ. ಶಾಸನಗಳನ್ನು ಓದುವ ಚಟವಿರುವವರು ಇದನ್ನು ತಪ್ಪಿಸಿಕೊಳ್ಳಬಾರದು.

ನಮ್ಮ ಹ್ಯೂಯೆನ್ ತ್ಸಾಂಗ್ ಹೊರಟದ್ದು ಇಲ್ಲಿಂದಲೇ. ‘ನಮ್ಮ’ ಎಂದದ್ದಕ್ಕೆ ಕಾರಣವಿದೆ: ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದು, ಅಲ್ಲಿಯ ಜನ ಉಪಕಾರ ಮರೆಯುವುದಿಲ್ಲ, ಅಪಕಾರಕ್ಕೆ ಸೇಡು ತೀರಿಸದೆ ಬಿಡುವುದಿಲ್ಲ, ಹರ್ಷನಿಗೂ ಇವರನ್ನು ಮಣಿಸಲಾಗಲಿಲ್ಲ ಎಂದು ಬರೆದಿಟ್ಟವನು ಅವನೇ. ಅರಸನ ಅಪ್ಪಣೆಯಿಲ್ಲದೆ ಕದ್ದು ಹೊರಟಿದ್ದ ಈ ಭಿಕ್ಷು 645ರಲ್ಲಿ 657 ಗ್ರಂಥಗಳನ್ನು ಹೊತ್ತು ತಂದಾಗ ರಾಜಮರ್ಯಾದೆ ಸಿಕ್ಕಿತು. ತಂದದ್ದನ್ನು ಕಾಪಾಡಲು 652ರಲ್ಲಿ ಗೋಪುರ ಎದ್ದಿತು. ಮುಂದೆ ಮತ್ತೆ ಕಟ್ಟಿದ ಅದು ಈಗ ಏಳು ಅಂತಸ್ತಿನ ದೊಡ್ಡ ಕಾಡುಬಾತಿನ ಗೋಪುರ.

ಆ ಗೋಪುರ ಅಂದು ನಗರದೊಳಗೇ ಇತ್ತು. ಇಂದು ಕೋಟೆಯ ಹೊರಗೆ, ಕೆಲವು ಕಿಲೋಮೀಟರ್ ದಕ್ಷಿಣಕ್ಕಿದೆ. ಗೋಪುರ ಸರಿಯಲಿಲ್ಲ, ಊರು ಕುಗ್ಗಿತು. 904ರಲ್ಲಿ ಒಬ್ಬ ಸೇನಾಪತಿ ರಾಜಧಾನಿಯನ್ನು ಲುವೊಯಾಂಗ್‌ಗೆ ಸ್ಥಳಾಂತರಿಸಿ, ಅರಮನೆಗಳ ಮರಮುಟ್ಟು ಕಿತ್ತು ವೇಯ್ ನದಿಯಲ್ಲಿ ತೇಲಿಬಿಟ್ಟ. ಈಗಿನ ಕೋಟೆ 14ನೇ ಶತಮಾನದ ಮಿಂಗ್ ಅರಸರದು. ಸುತ್ತಳತೆ 14 ಕಿಲೋಮೀಟರಿಗೆ ತುಸು ಕಡಿಮೆ. ಗೋಡೆಯ ಮೇಲೆ ಬಾಡಿಗೆ ಸೈಕಲ್ಲಿನಲ್ಲಿ ಪೂರ್ತಿ ಸುತ್ತು ಹಾಕಬಹುದು.

ಕೋಟೆಯೊಳಗೆ, ನಗಾರಿ ಗೋಪುರದ ಹಿಂದೆ, ಚೀನೀ ಭಾಷೆಯನ್ನೇ ಆಡುವ ಹುಯಿ ಮುಸ್ಲಿಮರ ಕೇರಿ. ಅಲ್ಲಿನ ದೊಡ್ಡ ಮಸೀದಿಗೆ ಗುಮ್ಮಟವೇ ಇಲ್ಲ. ಅಂಗಳದ ಮೇಲೆ ಅಂಗಳ, ಬಾಗಿದ ಹಂಚಿನ ಮಾಡು, ಪೂರಾ ಚೀನೀ ದೇಗುಲ ಎನ್ನಬೇಕು. ಆದರೆ ದೇಗುಲಗಳು ಸಾಮಾನ್ಯವಾಗಿ ದಕ್ಷಿಣಕ್ಕೆ ಮುಖ ಮಾಡುತ್ತವೆ. ಇಲ್ಲಿ ಇಡೀ ಕಟ್ಟಡ ಮೆಕ್ಕಾದ ಕಡೆ, ಪಶ್ಚಿಮಕ್ಕೆ ಸಾಗುತ್ತದೆ.

ಈ ಕೇರಿಯ ಹೆಸರಾಂತ ಊಟ ಪಾವೊಮೊ. ಕೂತ ಕೂಡಲೇ ಗಟ್ಟಿ ರೊಟ್ಟಿಯನ್ನೂ ಖಾಲಿ ಬಟ್ಟಲನ್ನೂ ಕೊಟ್ಟು ಹೋಗುತ್ತಾರೆ. ರೊಟ್ಟಿಯನ್ನು ಕಾಳಿನಷ್ಟು ಸಣ್ಣಗೆ ಮುರಿಯುವುದು ಉಣ್ಣುವವರ ಕೆಲಸ. ಆಮೇಲೆ ಬಟ್ಟಲು ಅಡುಗೆಮನೆಗೆ ಹೋಗಿ, ಕುರಿಮಾಂಸದ ಸಾರು, ಶಾವಿಗೆಯೊಂದಿಗೆ ಕುದ್ದು ವಾಪಸು ಬರುತ್ತದೆ. ಪಕ್ಕದಲ್ಲಿ ಬೆಳ್ಳುಳ್ಳಿ ಉಪ್ಪಿನಕಾಯಿ. ಅವಸರದಲ್ಲಿ ದೊಡ್ಡ ದೊಡ್ಡ ತುಂಡು ಮಾಡಿದರೆ ಒಳಗೆ ಸಾರು ಇಳಿಯುವುದಿಲ್ಲ. ಹರಟೆ ಹೊಡೆಯುತ್ತ ಮುರಿಯುವುದೇ ಅಲ್ಲಿನ ರೂಢಿ.

ಸಸ್ಯಾಹಾರಿಗಳೂ ಹೆದರಬೇಕಿಲ್ಲ, ಲಿಯಾಂಗ್‌ಪಿ ಇದೆ. ನಮ್ಮಲ್ಲಿ ಗೋಧಿ ಹಲ್ವಕ್ಕೆ ಹಾಲು ತೆಗೆದಂತೆಯೇ ಹಿಟ್ಟಿನ ಮುದ್ದೆಯನ್ನು ನೀರಿನಲ್ಲಿ ಹಿಸುಕಿ, ತಳಕ್ಕಿಳಿದ ಗಂಜಿಯನ್ನು ತೆಳ್ಳಗೆ ಹಬೆಯಲ್ಲಿ ಬೇಯಿಸಿ, ಆರಿಸಿ ಕತ್ತರಿಸುತ್ತಾರೆ. ಮೇಲೆ ವಿನೆಗರ್, ಸೌತೆಕಾಯಿ, ಕೆಂಪು ಮೆಣಸಿನಕಾಯಿಯ ಎಣ್ಣೆ. ಮಾಂಸ ಬೇಡವೆಂದು ಮೊದಲೇ ಹೇಳಿಬಿಡಿ. ಖಾರ ಕಡಿಮೆ ಮಾಡಿಸುವ ಅಗತ್ಯ ನಮ್ಮವರಿಗೆ ಬೀಳಲಾರದು.

ಇನ್ನು ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.