ಮೊದಲು ಚುಕ್ಕಿ, ಆಮೇಲೆ ಲೆಕ್ಕ

ಕೇಳುಗರೇ, ನಮಸ್ಕಾರ. ಎರಡು ಅಳತೆಗಳ ನಡುವಿನ ನಂಟನ್ನು, ಅಂದರೆ ಸಹಸಂಬಂಧವನ್ನು, ಇವತ್ತು ನೋಡೋಣ. ಗ್ರಾಫ್ ಹಾಳೆ, ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ. ರೇಡಿಯೋದಲ್ಲಿ ಚಿತ್ರ ತೋರಿಸಲಿಕ್ಕೆ ಬರುವುದಿಲ್ಲ, ಬರೆಯುವ ಕೆಲಸ ನಿಮ್ಮದೇ.

ಬ್ಯಾಡಗಿ ಪೇಟೆಗೆ ಐದು ಲಾಟ್ ಒಣಮೆಣಸಿನಕಾಯಿ ಬಂದಿದೆ ಎಂದುಕೊಳ್ಳೋಣ. ತೇವಾಂಶ ಶೇಕಡಾ 8, 10, 12, 14, 16. ಕ್ವಿಂಟಲ್ ದರ ಅದೇ ಕ್ರಮದಲ್ಲಿ 24, 20, 22, 16, 18 ಸಾವಿರ ರೂಪಾಯಿ. ಇವು ಲೆಕ್ಕ ಸುಲಭವಾಗಲೆಂದು ಹಾಕಿಕೊಂಡ ಅಂಕಿ, ಪೇಟೆಯ ದರವಲ್ಲ. ತೇವಾಂಶವನ್ನು ಅಡ್ಡ ಗೆರೆಯ ಮೇಲೆ, ದರವನ್ನು ನಿಂತ ಗೆರೆಯ ಮೇಲೆ ಗುರುತಿಸಿ. ಒಂದು ಲಾಟಿಗೆ ಒಂದೇ ಚುಕ್ಕಿ. ಚುಕ್ಕಿಗಳನ್ನು ಗೆರೆ ಎಳೆದು ಜೋಡಿಸಬೇಡಿ. ಒಂದೊಂದೂ ಬೇರೆ ಚೀಲದ ಕಾಯಿ, ನಡುವೆ ಏನೂ ಇಲ್ಲ. ಎಡದಿಂದ ಬಲಕ್ಕೆ ಚುಕ್ಕಿಗಳು ಇಳಿಯುತ್ತಿವೆ ಅಲ್ಲವೇ? ಒಂದು ಏರಿದಂತೆ ಇನ್ನೊಂದು ಇಳಿಯುವ ಇದು ಋಣ ಸಹಸಂಬಂಧ.

ಎಷ್ಟು ಬಿಗಿ? ತೇವಾಂಶದ ಸರಾಸರಿ 12, ದರದ್ದು 20. ಸರಾಸರಿಯಿಂದ ದೂರ ಬರೆಯಿರಿ. ತೇವಾಂಶದ್ದು ಮೈನಸ್ 4, ಮೈನಸ್ 2, 0, 2, 4. ದರದ್ದು 4, 0, 2, ಮೈನಸ್ 4, ಮೈನಸ್ 2. ಜೋಡಿಜೋಡಿಯಾಗಿ ಗುಣಿಸಿ ಕೂಡಿದರೆ ಮೈನಸ್ 32. ಎರಡೂ ಸಾಲಿನ ವರ್ಗಗಳನ್ನು ಬೇರೆಬೇರೆ ಕೂಡಿದರೆ 40 ಮತ್ತು 40. ಅವುಗಳ ಗುಣಲಬ್ಧದ ವರ್ಗಮೂಲವೂ 40. ಮೈನಸ್ 32ನ್ನು ಇದರಿಂದ ಭಾಗಿಸಿದರೆ ಮೈನಸ್ 0.8. ಇದೇ ಸಹಸಂಬಂಧ ಗುಣಾಂಕ. ಈ ಗುಣಾಂಕ ಮೈನಸ್ 1ರಿಂದ ಪ್ಲಸ್ 1ರೊಳಗೇ ಇರುತ್ತದೆ. ಚುಕ್ಕಿಗಳು ಓರೆಯಾದ ಒಂದು ನೇರ ಗೆರೆಗೆ ಹತ್ತಿರವಿದ್ದಷ್ಟೂ ಅದು ಈ ತುದಿಗಳಿಗೆ ಹತ್ತಿರ.

ಈಗ ಕೊನೆಯ ಲಾಟಿನ 18ನ್ನು ಕೈತಪ್ಪಿ 28 ಎಂದು ಬರೆದಿರಿ ಎನ್ನಿ. ಗುಣಾಂಕ ಪ್ಲಸ್ 0.14 ಆಗುತ್ತದೆ! ಒಂದೇ ಅಂಕಿಗೆ ದಿಕ್ಕೇ ತಿರುಗಿತು. ಹಾಳೆಯಲ್ಲಾದರೆ ಆ ಚುಕ್ಕಿ ಮೇಲೆ ಒಂಟಿಯಾಗಿ ನಿಂತು ಕಣ್ಣಿಗೆ ಬೀಳುತ್ತದೆ, ಲೆಕ್ಕದಲ್ಲಿ ಅಡಗಿಬಿಡುತ್ತದೆ. ಅಂದಹಾಗೆ, ಐದು ಚುಕ್ಕಿ ಕಲಿಯಲಿಕ್ಕೆ ಮಾತ್ರ. ನಿಜವಾದ ಕೆಲಸಕ್ಕೆ ಮೂವತ್ತಾದರೂ ಇರಲಿ.

1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೋಂಬ್ ಇದನ್ನೇ ಬೇರೆ ರೀತಿ ತೋರಿಸಿದರು. ಹನ್ನೊಂದು ಹನ್ನೊಂದು ಚುಕ್ಕಿಯ ನಾಲ್ಕು ಪಟ್ಟಿ, ನಾಲ್ಕಕ್ಕೂ ಗುಣಾಂಕ ಸುಮಾರು 0.816. ಬರೆದು ನೋಡಿದರೆ ಒಂದು ಸಾಧಾರಣ ಏರು, ಒಂದು ಬಿಲ್ಲಿನಂತೆ ಬಾಗಿದ್ದು, ಉಳಿದೆರಡನ್ನು ಕೆಡಿಸಿದ್ದು ತಲಾ ಒಂದೇ ಚುಕ್ಕಿ.

ಬಾಗಿದ ಸಂಬಂಧ ನಮ್ಮ ಕಾಯಿಯಲ್ಲೂ ಬರಬಹುದು. ತೀರ ಹಸಿಯಾದರೆ ಬೂಸ್ಟು. ತೀರ ಒಣಗಿದರೆ ಕಾಯಿ ಮುರಿದು ಬೀಜ ಉದುರುತ್ತದೆ. ಎರಡೂ ತುದಿಗೆ ದರ ಇಳಿದರೆ ಗುಣಾಂಕ ಸೊನ್ನೆಯ ಹತ್ತಿರ ಬಂದೀತು, ಸಂಬಂಧ ಮಾತ್ರ ಗಟ್ಟಿಯಾಗಿಯೇ ಇರುತ್ತದೆ.

ಇನ್ನೊಂದು ತೊಡಕು. ಒಣಗಲು ಹಾಕಿದ ಕಾಯಿ ಮಳೆಗೆ ಸಿಕ್ಕರೆ ತೇವ ಏರುತ್ತದೆ, ಬಣ್ಣವೂ ಮಾಸುತ್ತದೆ. ಬ್ಯಾಡಗಿ ಕಾಯಿಗೆ ಬಣ್ಣವೇ ಬೆಲೆ. ಹಾಗಾದರೆ ದರ ಇಳಿಸಿದ್ದು ತೇವವೋ, ಬಣ್ಣವೋ? ಬಣ್ಣ ಮಾಸಿದ ಲಾಟಿಗೆ ಚುಕ್ಕಿಯ ಬದಲು ಗುಣಿಸುವ ಗುರುತು ಹಾಕಿ. ಒಮ್ಮೆ ಚುಕ್ಕಿಗಳನ್ನಷ್ಟೇ, ಒಮ್ಮೆ ಆ ಗುರುತುಗಳನ್ನಷ್ಟೇ ನೋಡಿ. ಎರಡೂ ಗುಂಪಿನೊಳಗೆ ಇಳಿಜಾರು ಉಳಿದಿದ್ದರೆ ತೇವಕ್ಕೂ ಪಾಲಿರಬಹುದು. ಉಳಿಯದೇ ಹೋದರೆ, ಮೊದಲು ಕಂಡ ಇಳಿಜಾರು ಬಣ್ಣದ್ದೇ ಇದ್ದೀತು. ಕಾಯಿಯನ್ನು ಮತ್ತೆರಡು ದಿನ ಬಿಸಿಲಿಗೆ ಹಾಕಿದರೂ ದರ ಏರಲಿಕ್ಕಿಲ್ಲ.