ಸೋಲಾರ್ ಪ್ಯಾನೆಲ್ ಶಾಲೆಯ ಮಾಳಿಗೆ ಮೇಲೆ, ದೀಪ ಮಕ್ಕಳ ಚೀಲದಲ್ಲಿ

ಹಿರಿಯರಿಗೆ, ಗುರುಬಳಗಕ್ಕೆ, ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಸದಸ್ಯರಿಗೆ, ದೂರದ ತಾಂಡಾಗಳಿಂದ ಬಂದ ತಾಯಂದಿರಿಗೆ ಶರಣು ಶರಣಾರ್ಥಿ.

2017ರಲ್ಲಿ ಮನೆಮನೆಗೆ ಕರೆಂಟ್ ಕೊಡುವ ಸೌಭಾಗ್ಯ ಯೋಜನೆ ಬಂತಲ್ಲ, ಇನ್ನು ನಮ್ಮ ಚಿಂಚೋಳಿ, ಆಳಂದದ ಕಡೆ ಕರೆಂಟಿಲ್ಲದ ಮನೆ ಎಲ್ಲಿದೆ ಎಂದು ಕೇಳುವವರಿದ್ದಾರೆ. ಅವರು ಹೊಲದ ಮನೆಗಳಿಗೆ ಬಂದು ನೋಡಬೇಕು. ಊರಿನ ಲೈನ್ ಅಲ್ಲಿಗೆ ಮುಟ್ಟಿರುವುದಿಲ್ಲ. ಪಂಪ್‌ಸೆಟ್ ಲೈನಿನಲ್ಲಿ ಕರೆಂಟ್ ಬರುವುದು ಕೆಲವೇ ತಾಸು, ಅದೂ ಎಷ್ಟೋ ಸಲ ಮಕ್ಕಳು ಮಲಗಿದ ಮೇಲೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿಗೆಂದು ಮನೆಮಂದಿಯೆಲ್ಲ ಹೊಲದಲ್ಲೇ ಇರುತ್ತಾರೆ. ಅದರ ಬೆನ್ನಿಗೇ ಹತ್ತನೇ ತರಗತಿ ಪರೀಕ್ಷೆ.

ಚಿಮಣಿ ಬುಡ್ಡಿಯ ಮುಂದೆ ಕೂತು ಓದಿದವರು ಇಲ್ಲಿ ಬಹಳ ಮಂದಿ ಇದ್ದೀರಿ. ಆ ಹೊಗೆ, ಕಣ್ಣುರಿ ನಾನು ಹೇಳಬೇಕಾಗಿಲ್ಲ. ಒಂದು ವ್ಯಾಟಿನ ಎಲ್‌ಇಡಿ ಆ ಬತ್ತಿಗಿಂತ ಸುಮಾರು ಹತ್ತು ಪಟ್ಟು ಬೆಳಕು ಕೊಡುತ್ತದೆ. ನಾಲ್ಕು ತಾಸಿನ ಓದಿಗೆ ಬೇಕಾದಷ್ಟು ಕರೆಂಟನ್ನು ಎರಡು ವ್ಯಾಟಿನ ಸೋಲಾರ್ ಪ್ಯಾನೆಲ್ ನಮ್ಮ ಬಿಸಿಲಿನಲ್ಲಿ ಶಾಲೆ ಬಿಡುವುದರೊಳಗೆ ದೀಪದ ಬ್ಯಾಟರಿಗೆ ತುಂಬಿಕೊಡುತ್ತದೆ.

ಆ ಪ್ಯಾನೆಲ್ ಎಲ್ಲಿರಬೇಕು? ಶಾಲೆಯ ಮಾಳಿಗೆ ಮೇಲೆ ಎನ್ನುತ್ತೇನೆ. ಹರೀಶ್ ಹಂದೆಯವರು 1995ರಲ್ಲಿ ನಮ್ಮ ರಾಜ್ಯದಲ್ಲೇ ಕಟ್ಟಿದ ಸೋಲಾರ್ ಕಂಪನಿ ಸೆಲ್ಕೋ ಈ ಪದ್ಧತಿಯನ್ನು ನಡೆಸಿ ತೋರಿಸಿದೆ. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಮಕ್ಕಳು ಬ್ಯಾಟರಿಯನ್ನು ಶಾಲೆಗೆ ತಂದು ಚಾರ್ಜಿಗೆ ಇಡುತ್ತಾರೆ, ಸಂಜೆ ಒಯ್ಯುತ್ತಾರೆ. ಶಾಲೆ ತಪ್ಪಿಸಿದರೆ ಅವತ್ತು ಮನೆಯಲ್ಲಿ ದೀಪವಿಲ್ಲ. ಹಾಗಾಗಿ ತಾಯಿ-ತಂದೆ ಮುಂಬೈ, ಪುಣೆಗೆ ದುಡಿಯಲು ಹೋದಾಗ ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿಯೇ ಅವರನ್ನು ಶಾಲೆಗೆ ಅಟ್ಟುತ್ತಾಳೆ.

ದೀಪ ಪುಕ್ಕಟೆ ಹಂಚಿ ಫೋಟೋ ತೆಗೆಸಿಕೊಂಡು ಹೋದರೆ ನನಗೆ ಸಮಾಧಾನವಿಲ್ಲ. ಎರಡು-ಮೂರು ವರ್ಷಕ್ಕೆ ಬ್ಯಾಟರಿ ಸೋಲುತ್ತದೆ, ಸ್ವಿಚ್ ಕಿತ್ತುಹೋಗುತ್ತದೆ. ರಿಪೇರಿಗೆ ಕಲಬುರಗಿಗೆ ಹೋಗಬೇಕೆಂದರೆ ಬಸ್ ಚಾರ್ಜಿನ ಜೊತೆ ಒಂದು ದಿನದ ಕೂಲಿಯೂ ಹೋಯಿತು. ಅಗ್ಗದ ದೀಪ ತುಟ್ಟಿಯಾಯಿತು. ಹೋಬಳಿಗೆ ಒಬ್ಬರಾದರೂ ಐಟಿಐ ಕಲಿತ ಹುಡುಗನಿಗೋ ಹುಡುಗಿಗೋ ಈ ಕೆಲಸ ಕಲಿಸಿ, ಬಿಡಿಭಾಗ ಅವರ ಕೈಯಲ್ಲಿಡಬೇಕು. ಇನ್ನೊಂದು ಮಾತು: ಪ್ಯಾನೆಲ್ ಬಿಸಿಲಲ್ಲಿರಲಿ, ಬ್ಯಾಟರಿ ನೆರಳಲ್ಲಿರಲಿ. ಮೇ ತಿಂಗಳ ಕಾದ ತಗಡಿನ ಪತ್ರಾದ ಮೇಲಿಟ್ಟರೆ ಅದರ ಆಯುಷ್ಯ ಕರಗಿತು.

ಹಣದ ವಿಷಯ. ದೀಪಕ್ಕೆ ಸಾಲ ಕೊಡುವ ಬ್ಯಾಂಕಿನವರಿಗೆ ನನ್ನ ವಿನಂತಿ ಇಷ್ಟೇ: ತಿಂಗಳ ಕಂತು ನಮ್ಮ ರೈತರಿಗೆ ಒಗ್ಗುವುದಿಲ್ಲ. ತೊಗರಿ ಮಾರಿದಾಗ ಕೈಗೆ ದುಡ್ಡು ಬರುತ್ತದೆ, ಕಂತು ಆಗ ಇಡಿ.

ಗುರುಗಳೇ, ಮುಂದಿನ ಎಸ್‌ಡಿಎಂಸಿ ಸಭೆಯೊಳಗೆ ನಿಮ್ಮ ಶಾಲೆಯಲ್ಲಿ ಹೊಲದ ಮನೆಯಿಂದ ಬರುವ ಮಕ್ಕಳು ಯಾರ್ಯಾರು ಎಂದು ಪಟ್ಟಿ ಮಾಡಿಡಿ. ಹತ್ತನೇ ತರಗತಿಯವರ ಹೆಸರು ಮೇಲಿರಲಿ.