ಆಷಾಢದಲ್ಲಿ ಕೊಪ್ಪಳದಿಂದ ಕಡಲಿಗೆ

ಕೇಳುಗರಿಗೆ ನಮಸ್ಕಾರ.

ನಮ್ಮ ಕೊಪ್ಪಳದ ಕಡೆ ಆಷಾಢ ಮಾಸದಲ್ಲಿ ಯಾರೂ ಎಲ್ಲಿಗೂ ಹೊರಡುವುದಿಲ್ಲ. ಮದುವೆಗಳಿಲ್ಲ, ಗೃಹಪ್ರವೇಶಗಳಿಲ್ಲ, ಹೊಸ ಸೊಸೆ ತವರಿನಲ್ಲಿರುತ್ತಾಳೆ. ದಿನವಿಡೀ ಗಾಳಿ ಬೀಸುತ್ತದೆ. ಹಂಪಿ, ಆನೆಗುಂದಿಗೆ ಬರುವ ಪರಸ್ಥಳದವರು ದಸರೆಯ ನಂತರ ಬರತೊಡಗಿ ಬಿಸಿಲೇರುವ ಹೊತ್ತಿಗೆ ಹೊರಟುಹೋಗಿರುತ್ತಾರೆ. ನಾನೂ ನಮ್ಮ ಮನೆಯವರೂ ಪ್ರವಾಸಕ್ಕೆ ಇದೇ ತಿಂಗಳನ್ನು ಆರಿಸಿಕೊಂಡೆವು. ನಾನು ಶಾಲೆಯಲ್ಲಿ ಇತಿಹಾಸ ಹೇಳಿಕೊಡುವವಳು. ಅವರು ಕಟ್ಟಡದ ಕೆಲಸ ಮಾಡಿಸುವವರು. ನನಗೆ ಯಾರು ಕಟ್ಟಿಸಿದರು ಎಂಬ ಚಿಂತೆಯಾದರೆ ಅವರಿಗೆ ಯಾವ ಕಲ್ಲು, ಎಲ್ಲಿಂದ ತಂದರು, ನೀರು ಎಲ್ಲಿಗೆ ಹರಿದುಹೋಗುತ್ತದೆ ಎಂಬ ಚಿಂತೆ. ಜನಜಂಗುಳಿಯಲ್ಲಿ ಈ ಎರಡೂ ನಡೆಯುವುದಿಲ್ಲ. ಖಾಲಿ ಗುಡಿ ಬೇಕು, ಪುರುಸೊತ್ತು ಬೇಕು.

ನಾವು ಹಿಡಿದದ್ದು ಹಳೆಯ 63ನೆಯ ರಾಷ್ಟ್ರೀಯ ಹೆದ್ದಾರಿ. ಅಂಕೋಲೆಯಿಂದ ಹೊರಟು ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿಗಳನ್ನು ಹಾಯ್ದು ಆಂಧ್ರದ ಗುತ್ತಿಗೆ ಹೋಗುತ್ತಿದ್ದ ರಸ್ತೆ ಅದು. ಈಗ ಹುಬ್ಬಳ್ಳಿಯಿಂದ ಈಚೆಗೆ ಅದರ ಅಂಕಿ 67, ಆಚೆಗೆ 52. ನಮ್ಮ ಜಿಲ್ಲೆಯ ಜನರಿಗೆ ಈ ರಸ್ತೆಯೆಂದರೆ ಕಡಲಿನ ಕಡೆಗೆ ಸಾಲುಗಟ್ಟಿ ಹೋಗುತ್ತಿದ್ದ ಅದಿರಿನ ಲಾರಿಗಳು ನೆನಪಾಗುತ್ತವೆ. ಅದಿರಿಗಿಂತ ಬಹಳ ಹಿಂದೆಯೇ ಈ ನೆಲಕ್ಕೂ ಪಡುವಣ ಕಡಲಿಗೂ ವ್ಯವಹಾರವಿತ್ತು. ಆಗ ಕಡಲಿನಿಂದ ಮೇಲೆ ಬರುತ್ತಿದ್ದುದು ಕುದುರೆ.

ಆದ್ದರಿಂದ ಪಶ್ಚಿಮಕ್ಕೆ ಹೊರಡುವ ಮೊದಲು ಪೂರ್ವಕ್ಕೆ ಹೋಗಿ ಹಂಪಿಯ ಮಹಾನವಮಿ ದಿಬ್ಬವನ್ನು ಮತ್ತೊಮ್ಮೆ ನೋಡಿಬಂದೆವು. ದಿಬ್ಬದ ಸುತ್ತ ಕಲ್ಲಿನಲ್ಲಿ ಕಡೆದ ಸಾಲುಗಳಿವೆ: ಆನೆ, ಬೇಟೆ, ಕುಣಿತ. ಅವುಗಳ ನಡುವೆ ಕುದುರೆಯ ಲಗಾಮು ಹಿಡಿದು ನಿಂತ ಪರದೇಶದ ಗಂಡಸರು. ಟೊಪ್ಪಿಗೆ ಬೇರೆ, ಗಡ್ಡ ಬೇರೆ, ಉಡುಪು ಬೇರೆ. ಶಿಲ್ಪಿ ಅವರನ್ನು ಕಣ್ಣಾರೆ ಕಂಡು ಕೆತ್ತಿದ್ದಾನೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಸುಮಾರು 1535ರ ಹೊತ್ತಿಗೆ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ ನೂನಿಜ್, ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಹೇಳುತ್ತಾನೆ. ಪರ್ಷಿಯಾ ಕೊಲ್ಲಿಯ ಬಾಯಲ್ಲಿರುವ ಓರ್ಮುಜ್‌ನಿಂದ ಹಡಗು ಹತ್ತಿ ಬಂದ ಕುದುರೆಗಳು ಅವು. ಅದಕ್ಕೂ ಮೊದಲು ವಿಜಯನಗರವನ್ನು ಆಳಿದ ಸಾಳುವ ನರಸಿಂಹನ ಕಾಲದ ಮಾತೊಂದನ್ನೂ ಅವನು ಬರೆದಿದ್ದಾನೆ: ಕುದುರೆ ಕಡಲಿನಲ್ಲೇ ಸತ್ತರೂ ಅದರ ಬಾಲವನ್ನು ತಂದು ತೋರಿಸಿದ ವ್ಯಾಪಾರಿಗೆ ಅರಸನು ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ದೋಆಬಿಗಾಗಿ, ಅಂದರೆ ಇಂದು ನಾವು ತೊಗರಿ, ಸಜ್ಜೆ, ಭತ್ತ ಬೆಳೆಯುತ್ತಿರುವ ಹೊಲಗಳಿಗಾಗಿ, ವಿಜಯನಗರಕ್ಕೂ ಬಹಮನಿ, ಬಿಜಾಪುರದ ಸುಲ್ತಾನರಿಗೂ ತಲೆಮಾರುಗಟ್ಟಲೆ ಯುದ್ಧ ನಡೆಯಿತು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಯನ್ನು ಗೆದ್ದ ಯುದ್ಧವೂ ಅದರಲ್ಲಿ ಒಂದು. ಎದುರಾಳಿಯ ಅಶ್ವದಳಕ್ಕೆ ಸಮನಾಗಿ ನಿಲ್ಲಬೇಕಾದರೆ ಕಡಲಾಚೆಯ ಕುದುರೆ ಬೇಕೇ ಬೇಕಿತ್ತು. ಭಟ್ಕಳ, ಹೊನ್ನಾವರಗಳಂಥ ಬಂದರುಗಳು ಕೈತಪ್ಪಿದರೆ ರಾಯಚೂರಿನ ಮೇಲಿನ ಹಿಡಿತವೂ ಸಡಿಲವಾಗುತ್ತಿತ್ತು. ಹಂಪಿಯನ್ನು ಬರೀ ಬಂಡೆಗಳ ನಡುವಿನ ಊರೆಂದು ಮಕ್ಕಳಿಗೆ ತೋರಿಸುವವರು ಈ ಅರ್ಧವನ್ನು ಬಿಟ್ಟೇಬಿಡುತ್ತಾರೆ. ಅದು ನನಗೆ ಬಹಳ ದುಃಖದ ಸಂಗತಿ.

ಇನ್ನು ಪಶ್ಚಿಮದ ದಾರಿ. ಊರು ಬಿಡುವಾಗ ಎಡಬಲದಲ್ಲಿ ಗವಿಮಠ, ಪಾಲ್ಕಿಗುಂಡುಗಳಿವೆ. ಎರಡೂ ಕಡೆ ಅಶೋಕನ ಶಾಸನವಿದೆ. ಅವುಗಳ ಮಾತು ಇನ್ನೊಂದು ದಿನಕ್ಕಿರಲಿ. ಗದಗಿನ ಕಡೆಗೆ ಸಾಗಿ, ಹೆದ್ದಾರಿ ಬಿಟ್ಟು ಬಲಕ್ಕೆ ಒಳಗೆ ಹೋದರೆ ಇಟಗಿ. ಇಟಗಿಗೆ ಮಳೆಯಲ್ಲೇ ಹೋಗಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಇಟಗಿಯ ಮಹಾದೇವ ದೇವಾಲಯ 1112ರದ್ದು. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಅದನ್ನು ಕಟ್ಟಿಸಿದ. ಅಲ್ಲಿನ ಶಾಸನ ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಅದೇ ಆವರಣದಲ್ಲಿ ಮಹಾದೇವನ ತಂದೆತಾಯಿಯರ ನೆನಪಿನ ಗುಡಿಗಳೂ ಇವೆ. ಚಕ್ರವರ್ತಿ ಎಂಬ ಬಿರುದಿಗಿಂತ ಅಪ್ಪ ಅಮ್ಮನಿಗೆಂದು ಪಕ್ಕದಲ್ಲಿ ಎದ್ದ ಆ ಪುಟ್ಟ ಗುಡಿಗಳೇ ನನ್ನ ಮನಸ್ಸನ್ನು ಹೆಚ್ಚು ಹಿಡಿದಿಟ್ಟವು. ಬೇಸಗೆಯಲ್ಲಿ ಈ ದೇವಾಲಯ ಬೂದು ಬಣ್ಣಕ್ಕೆ ತಿರುಗಿ, ಬೆಳಕು ಕಣ್ಣಿಗೆ ಹೊಡೆದು, ಕೆತ್ತನೆಯೆಲ್ಲ ಚಪ್ಪಟೆಯಾಗಿ ಕಾಣುತ್ತದೆ. ನಾವು ಹೋದಾಗ ಒಂದು ಹದ ಮಳೆ ಬಂದು ನಿಂತಿತ್ತು. ನೆನೆದ ಕಲ್ಲು ಕಪ್ಪುಹಸಿರಾಗಿತ್ತು. ಬಾಗಿಲುವಾಡದ ಬಳ್ಳಿಸುರುಳಿಗಳು, ಗೋಡೆಯ ಕಿರುಗೋಪುರಗಳು, ಕೀರ್ತಿಮುಖದ ಕೆಳಗಿನ ಮಣಿಸಾಲುಗಳು ಒಂದೊಂದಾಗಿ ಎದ್ದು ಬಂದವು. ಮನೆಯವರು ಕಂಬದ ಮೇಲೆ ಬೆರಳಾಡಿಸದೆ, ಕಣ್ಣನ್ನಷ್ಟೇ ಹತ್ತಿರ ಒಯ್ದು ವಿವರಿಸಿದರು: ಇದು ಬಳಪದ ಕಲ್ಲು, ಗಣಿಯಿಂದ ತೆಗೆದ ಹೊಸದರಲ್ಲಿ ಮೃದುವಾಗಿರುತ್ತದೆ, ಆದ್ದರಿಂದಲೇ ಕಂಬಗಳನ್ನು ಕಡೆದಂತೆ ದುಂಡಗೆ ತಿರುವಲು ಸಾಧ್ಯವಾಯಿತು. ಹಂಪಿಯ ಗ್ರಾನೈಟು ಹಾಗಲ್ಲ. ಸುಮಾರು 250 ಕೋಟಿ ವರ್ಷ ಹಳೆಯ ಆ ಬಂಡೆ ಉಳಿಗೆ ಅಷ್ಟು ಸುಲಭವಾಗಿ ಸೋಲುವುದಿಲ್ಲ, ಮಳೆ ಬಿದ್ದರೂ ನೀರನ್ನು ಜಾರಿಸಿ ಮತ್ತೆ ಮೊದಲಿನಂತಾಗುತ್ತದೆ. ಗುಡಿಯೆದುರಿನ ಪುಷ್ಕರಣಿಯ ಮೆಟ್ಟಿಲುಗಳ ಮೇಲೆ ಕುಳಿತು ಕಟ್ಟಿಕೊಂಡು ಹೋಗಿದ್ದ ಜೋಳದ ರೊಟ್ಟಿ, ಗುರೆಳ್ಳು ಪುಡಿ ತಿಂದೆವು. ಅಷ್ಟು ಹೊತ್ತಿನಲ್ಲಿ ಆಡು ಮೇಯಿಸುವ ಹುಡುಗನೊಬ್ಬನನ್ನು ಬಿಟ್ಟರೆ ಯಾರೂ ಬರಲಿಲ್ಲ.

ಲಕ್ಕುಂಡಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯಕ್ಕೂ ಮುಸುಕಿನ ಬಾವಿಗೂ ಹೋಗಿ ಮುಂದೆ ಸಾಗಿದೆವು. ಗದಗ, ಹುಬ್ಬಳ್ಳಿಯ ಪೇಟೆಗಳಲ್ಲಿ ವಾಹನಗಳ ಗದ್ದಲವನ್ನು ಬಿಟ್ಟರೆ ಹೇಳುವಂಥದ್ದೇನೂ ನಡೆಯಲಿಲ್ಲ.

ಕಲಘಟಗಿ ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತದೆ. ಎರೆಭೂಮಿ ಹಿಂದೆ ಉಳಿದು ಕೆಂಪುಮಣ್ಣು, ಭತ್ತದ ಗದ್ದೆ, ಬಳಿಕ ಯಲ್ಲಾಪುರದ ಕಾಡು. ಕೊಪ್ಪಳದಲ್ಲಿ ಬಿದ್ದ ಹನಿ ತುಂಗಭದ್ರೆಯನ್ನು ಸೇರಿ, ಕೃಷ್ಣೆಯ ಜೊತೆಗೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇಲ್ಲಿ ಬಿದ್ದದ್ದು ಬೇಡ್ತಿ ಹೊಳೆಯಾಗಿ, ಕೆಳಗಿಳಿದು ಗಂಗಾವಳಿ ಎಂಬ ಹೆಸರು ಪಡೆದು ಅರಬ್ಬಿ ಸಮುದ್ರಕ್ಕೆ ಸೇರುತ್ತದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾದರೆ ಒಳ್ಳೆಯ ವರ್ಷ. ಉತ್ತರ ಕನ್ನಡದ ಕರಾವಳಿಯಲ್ಲಿ ಅದು 3,000 ಮೀರುತ್ತದೆ. ಅರಬೈಲು ಘಟ್ಟ ಇಳಿಯುವಾಗ ಈ ಅಂಕಿ ಅಂಕಿಯಾಗಿ ಉಳಿಯುವುದಿಲ್ಲ. ಗಾಜಿನ ಮೇಲೆ, ರಸ್ತೆಯ ಮೇಲೆ, ಗುಡ್ಡದ ಮೈಮೇಲೆ ನೀರೇ ನೀರು. ಒಂದು ತಿರುವಿನಲ್ಲಿ ಗಾಡಿ ನಿಲ್ಲಿಸಿ ಮಳೆ ಕಡಿಮೆಯಾಗುವ ತನಕ ಕಾದೆವು. ಮೋಡ ನೋಡಿ ನೋಡಿ ಕುತ್ತಿಗೆ ಸೋಲುವ ನಮ್ಮ ಕಡೆಯ ರೈತರ ಮುಖಗಳು ಆಗ ನನಗೆ ನೆನಪಾದವು. ಒಂದೇ ಹೆದ್ದಾರಿ, ಒಂದು ದಿನದ ಪಯಣ, ಅಷ್ಟರಲ್ಲೇ ಇಷ್ಟು ಅಂತರ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಅಂಕೋಲೆಯಿಂದ ದಕ್ಷಿಣಕ್ಕೆ ಹೊರಟರೆ ಶಿರೂರು ಸಿಗುತ್ತದೆ. 2024ರ ಜುಲೈ 16ರಂದು ಅಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರನ್ನು, ವಾಹನಗಳನ್ನು ಗಂಗಾವಳಿಗೆ ತಳ್ಳಿತು. ಆ ಜಾಗವನ್ನು ನಾವು ಮಾತಿಲ್ಲದೆ ದಾಟಿದೆವು. ಮಳೆಗಾಲದಲ್ಲಿ ಕರಾವಳಿಗೆ ಹೋಗುವವರು ಹವಾಮಾನ ಇಲಾಖೆಯ ರೆಡ್ ಅಲರ್ಟ್ ಇರುವ ದಿನ ದಯವಿಟ್ಟು ಘಟ್ಟ ಇಳಿಯಬೇಡಿ. ರಾತ್ರಿ ಪಯಣ ಬೇಡ. ಗುಡ್ಡದ ಬುಡದಲ್ಲಿ ಚಹಾಕ್ಕೆಂದು ಗಾಡಿ ನಿಲ್ಲಿಸುವುದೂ ಬೇಡ.

ಕಡಲನ್ನು ಮೊದಲು ಕಂಡಾಗ ಅದು ನೀಲಿಯಾಗಿರಲಿಲ್ಲ. ಹೊಳೆಗಳು ತಂದು ಸುರಿದ ಮಣ್ಣಿನಿಂದ ಕಂದು ಬಣ್ಣಕ್ಕೆ ತಿರುಗಿ, ದೂರದಲ್ಲೇ ಮುರಿದು ಬರುವ ಅಲೆಗಳಿಂದ ದಡವೆಲ್ಲ ನೊರೆಯಾಗಿತ್ತು. ನೀರಿಗಿಳಿಯುವ ಮಾತೇ ಇರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ದೊಡ್ಡ ದೋಣಿಗಳೆಲ್ಲ ದಂಡೆಗೆ ಬಂದು, ತೆಂಗಿನ ಗರಿ, ತಾಡಪಾಲುಗಳ ಕೆಳಗೆ ನಿಂತಿದ್ದವು. ಬಲೆ ಹೆಣೆಯುತ್ತಿದ್ದ ಹಿರಿಯರೊಬ್ಬರು, ಈ ಗಾಳಿಯಲ್ಲಿ ಹಿಂದೆಯೂ ಯಾರೂ ಹೋಗುತ್ತಿರಲಿಲ್ಲ ಎಂದರು. ಅದನ್ನು ಕೇಳಿದ ಕೂಡಲೇ ಮಹಾನವಮಿ ದಿಬ್ಬದ ಆ ಟೊಪ್ಪಿಗೆಯವರು ನನ್ನ ಕಣ್ಣೆದುರು ಬಂದರು. ನೈಋತ್ಯ ಮಾರುತದ ಈ ತಿಂಗಳುಗಳಲ್ಲಿ ಹಾಯಿಹಡಗುಗಳ ಕಾಲದಲ್ಲೂ ಪಡುವಣ ಬಂದರುಗಳು ಮುಚ್ಚಿರುತ್ತಿದ್ದವು. ಗಾಳಿ ತಣಿದ ಮೇಲೆ ಹಡಗು, ಹಡಗಿನ ಹಿಂದೆ ಕುದುರೆ, ಕುದುರೆಯ ಹಿಂದೆ ಮಹಾನವಮಿ, ಆಮೇಲೆ ದಂಡಯಾತ್ರೆ. ಪ್ರವಾಸಿಗರಿಲ್ಲದ ಕಾಲವೆಂದು ನಾವು ಆರಿಸಿಕೊಂಡ ತಿಂಗಳು ವಿಜಯನಗರದ ವರ್ಷದಲ್ಲೂ ಕಾಯುವ ತಿಂಗಳೇ ಆಗಿತ್ತು. ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಮಾಡಿದರೂ ನನಗೆ ಹೊಳೆಯದೇ ಇದ್ದದ್ದು ಆ ದಂಡೆಯ ಮೇಲೆ ಹೊಳೆಯಿತು.

ಕುದುರೆಗಳು ನಾವು ಬಂದ ಅರಬೈಲಿನ ದಾರಿಯಲ್ಲೇ ಹತ್ತಿದವು ಎಂದು ನಾನು ಹೇಳುತ್ತಿಲ್ಲ. ಭಟ್ಕಳ, ಹೊನ್ನಾವರಗಳು ಇನ್ನೂ ದಕ್ಷಿಣಕ್ಕಿವೆ, ಅವುಗಳ ಘಟ್ಟಗಳೇ ಬೇರೆ. ನಮ್ಮ ಕಡಲ ದಾರಿ ಮುಗಿದದ್ದು ಕುಮಟಾ ತಾಲ್ಲೂಕಿನ ಮಿರ್ಜಾನ್ ಕೋಟೆಯಲ್ಲಿ.

ಮಿರ್ಜಾನ್ ಮಳೆಗಾಲದ ಕೋಟೆ. ಅಘನಾಶಿನಿ ಹೊಳೆಯ ಬದಿಯಲ್ಲಿ ಕರಾವಳಿಯ ಕೆಂಪು ಚಿರೆಕಲ್ಲಿನಲ್ಲಿ ಕಟ್ಟಿದ ಅದರ ಬುರುಜುಗಳ ಮೇಲೆ, ಒಳಗಿನ ಗೋಡೆಗಳ ಮೇಲೆ, ಬಾವಿಗಳ ಬಾಯಿಯ ಸುತ್ತ ಹಸಿರು ಪಾಚಿ ಮಖಮಲ್ಲಿನ ಹಾಗೆ ಹಬ್ಬಿರುತ್ತದೆ. ಕೆಂಪು ಎಂಬುದೇ ಕಾಣುವುದಿಲ್ಲ. ಚಿರೆಕಲ್ಲು ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ ಎಂದು ಮನೆಯವರು ಹೇಳಿದಾಗ ನಾವಿಬ್ಬರೂ ಇಟಗಿಯನ್ನೇ ನೆನೆದೆವು. ಕೋಟೆ ಕಟ್ಟಿದವರು ಯಾರೆಂಬ ಬಗ್ಗೆ ವಾದಗಳಿವೆ. ಜನರ ನೆನಪಿನಲ್ಲಿ ಅದು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯದು. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ, 1552ರಿಂದ 1606ರವರೆಗೆ ಆಳಿದ ಹೆಂಗಸು. ಅವಳ ಆಳ್ವಿಕೆಯ ನಡುವೆಯೇ, 1565ರಲ್ಲಿ, ತಾಳಿಕೋಟೆಯ ಯುದ್ಧ ನಡೆದು ಹಂಪಿ ಹಾಳಾಯಿತು. ಮೇಲಿನ ದೊಡ್ಡ ಆಸರೆ ಕುಸಿದ ಮೇಲೂ ಅವಳು ನಾಲ್ಕು ದಶಕ ಈ ಹೊಳೆ, ಈ ಮೆಣಸು, ಈ ಬಂದರುಗಳನ್ನು ಹಿಡಿದು ನಿಂತಳು. ಕೊನೆಗೆ ಕೆಳದಿಯ ನಾಯಕರಿಗೆ ಸೋತಳು. ನಮ್ಮ ಕಡೆಯ ಪಠ್ಯಪುಸ್ತಕ ಓದಿದ ಮಕ್ಕಳಿಗೆ 1565ರ ನಂತರ ಎಲ್ಲವೂ ಮುಗಿದುಹೋಯಿತೆಂಬ ಭಾವನೆಯಿದೆ. ಅವರನ್ನು ಮಿರ್ಜಾನ್‌ಗೆ ಕರೆತಂದು ಈ ಬುರುಜಿನ ಮೇಲೆ ನಿಲ್ಲಿಸಬೇಕು ಎಂದು ಆಗಲೇ ನಿರ್ಧರಿಸಿದೆ. ಶಾಲಾ ಪ್ರವಾಸಗಳೆಲ್ಲ ಡಿಸೆಂಬರಿನಲ್ಲಿ ನಡೆಯುವುದರಿಂದ ಪಾಚಿಯ ಹಸಿರು ಅವರಿಗೆ ಸಿಗಲಾರದು. ಆದರೂ ಹೊಳೆ ಇರುತ್ತದೆ, ಬಂದರಿಗೆ ದೋಣಿಗಳು ಬಂದು ಹೋಗುತ್ತಿರುತ್ತವೆ.

ಅಘನಾಶಿನಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಇಲ್ಲ. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳನ್ನು ನೋಡುತ್ತ ಬೆಳೆದ ನನಗೆ, ಯಾರೂ ತಡೆಯದ ಹೊಳೆಯೊಂದು ಮಳೆಗಾಲದಲ್ಲಿ ಹೀಗೆ ಕಡಲಿಗೆ ಸೇರುವುದನ್ನು ಕಂಡದ್ದು ಹೊಸ ಅನುಭವ. ಅಳಿವೆಯಲ್ಲಿ ಇಳಿತದ ವೇಳೆ ಚಿಪ್ಪುಮೀನು ಆರಿಸುವ ಕುಟುಂಬಗಳು ಬಹಳ ಇವೆ. ಆ ಬದುಕಿಗೆ ಸಿಹಿನೀರು ಮತ್ತು ಉಪ್ಪುನೀರು ಹದವಾಗಿ ಬೆರೆಯುವುದೇ ಆಧಾರ. ಕೋಟೆಯನ್ನು ಮಾತ್ರ ನೋಡಿ ಹಿಂದಿರುಗದೆ ಅಳಿವೆಯ ದಂಡೆಗೂ ಒಮ್ಮೆ ಹೋಗಿಬನ್ನಿ.

ಗೇರುಸೊಪ್ಪೆಯ ಕಾಡಿನಲ್ಲಿರುವ ಚತುರ್ಮುಖ ಬಸದಿಗೆ ಈ ಬಾರಿ ಹೋಗಲಾಗಲಿಲ್ಲ, ಶರಾವತಿಯ ಕಡೆ ಮಳೆ ಜೋರಾಗಿತ್ತು. ಮುಂದಿನ ವರ್ಷ ಹೊನ್ನಾವರದಿಂದ ಮೇಲಕ್ಕೆ, ಕುದುರೆಗಳು ಹತ್ತಿದ ದಿಕ್ಕಿನಲ್ಲೇ, ಘಟ್ಟ ಹತ್ತಿ ಊರಿಗೆ ಬರಬೇಕೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.

ನಮಸ್ಕಾರ.